ರಸ್ತೆ ದಾಟಿದರೆ ವಿಮೆಯೂ ಬದಲಾಗಬೇಕಾ?

ಪ್ರಶ್ನೆ ಇಷ್ಟೇ. ಒಂದು ದೇಶದೊಳಗೆ ಆರೋಗ್ಯ ವಿಮೆಯ ನಿಯಮ ಎಲ್ಲ ಕಡೆ ಒಂದೇ ಇರಬೇಕಾ, ಇಲ್ಲ ಆಯಾ ಪ್ರಾಂತ್ಯದವರಿಗೆ ಬಿಡಬೇಕಾ?

ಪರ: ಒಂದೇ ಇರಲಿ

ಅಮೆರಿಕದಲ್ಲಿ ಟೆಕ್ಸಾರ್ಕಾನಾ ಅಂತ ಒಂದು ಊರಿದೆ. ಊರ ನಡುವೆ ಹಾದುಹೋಗುವ ಸ್ಟೇಟ್ ಲೈನ್ ಅವೆನ್ಯೂ ಅನ್ನೋ ರಸ್ತೆಯೇ ಅಲ್ಲಿ ರಾಜ್ಯದ ಗಡಿ. ಈಚೆ ಟೆಕ್ಸಾಸ್, ಆಚೆ ಅರ್ಕಾನ್ಸಾಸ್. ಮಕ್ಕಳಿಲ್ಲದ, ಕಡಿಮೆ ಸಂಬಳದ, 35 ವರ್ಷದ ಒಬ್ಬ ಕೆಲಸಗಾರ ಇದ್ದಾನೆ ಅಂದುಕೊಳ್ಳಿ. ಅವನ ಮನೆ ಅರ್ಕಾನ್ಸಾಸ್ ಬದಿಯಲ್ಲಿದ್ದರೆ ಬಡವರಿಗಿರುವ ಸರ್ಕಾರಿ ವಿಮೆ ಮೆಡಿಕೇಡ್ ಸಿಗುತ್ತದೆ. ರಸ್ತೆ ದಾಟಿ ಈಚೆ ಮನೆ ಮಾಡಿದರೆ ಸಿಗುವುದಿಲ್ಲ. ಮನುಷ್ಯ ಅವನೇ, ಬಿಪಿ ಅದೇ, ಕೈಯಲ್ಲಿರುವ ದುಡ್ಡೂ ಅಷ್ಟೇ.

ಇದು ಹೀಗಾಗಿದ್ದಕ್ಕೆ ಕಾರಣ ಇದೆ. ಬಡ ವಯಸ್ಕರಿಗೆಲ್ಲ ಮೆಡಿಕೇಡ್ ಕೊಡಬೇಕು ಅಂತ 2010ರ ಕಾನೂನು ಹೇಳಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್, ಒಪ್ಪದ ರಾಜ್ಯಗಳ ಮೇಲೆ ಬಲವಂತ ಮಾಡುವಂತಿಲ್ಲ ಅಂದಿತು. ಟೆಕ್ಸಾಸ್ ಒಪ್ಪಲಿಲ್ಲ. ಇದರಲ್ಲಿ ಇನ್ನೊಂದು ವಿಚಿತ್ರ ನೋಡಿ: ಖಾಸಗಿ ವಿಮೆ ಕೊಳ್ಳಲು ಕೇಂದ್ರ ಕೊಡುವ ಸಹಾಯಧನ ಬಡತನದ ರೇಖೆಗಿಂತ ಮೇಲಿರುವವರಿಗೆ ಮಾತ್ರ, ಯಾಕೆಂದರೆ ಅದಕ್ಕಿಂತ ಕೆಳಗಿನವರಿಗೆ ಮೆಡಿಕೇಡ್ ಇದ್ದೇ ಇರುತ್ತದೆ ಅಂದುಕೊಂಡೇ ಕಾನೂನು ಬರೆದಿದ್ದರು. ಹಾಗಾಗಿ ಟೆಕ್ಸಾಸ್‌ನಲ್ಲಿ ಸ್ವಲ್ಪ ಜಾಸ್ತಿ ದುಡಿದವನಿಗೆ ಸಹಾಯ ಉಂಟು, ತೀರಾ ಕಡಿಮೆ ದುಡಿದವನಿಗೆ ಏನೂ ಇಲ್ಲ!

ಬ್ರಿಟನ್ ಕಥೆ ಇಷ್ಟು ಕೆಟ್ಟದಲ್ಲ, ಆದರೆ ಅಲ್ಲೂ ಗಡಿ ಇದೆ. ಡಾಕ್ಟರ್ ಬರೆದುಕೊಟ್ಟ ಔಷಧಿ ವೇಲ್ಸ್‌ನಲ್ಲಿ 2007ರಿಂದ, ಸ್ಕಾಟ್ಲೆಂಡ್‌ನಲ್ಲಿ 2011ರಿಂದ ಪುಕ್ಕಟೆ. ಇಂಗ್ಲೆಂಡ್‌ನಲ್ಲಿ ಮಕ್ಕಳು, 60 ದಾಟಿದವರು, ಇನ್ನು ಕೆಲವರನ್ನು ಬಿಟ್ಟರೆ ಉಳಿದವರು ದುಡ್ಡು ಕೊಡಬೇಕು.

ಬೇಡವಾದರೆ ಬೇರೆ ಕಡೆ ಹೋಗಿ ಇರಲಿ ಅನ್ನುವವರಿದ್ದಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವನು ಮನೆ ಖಾಲಿ ಮಾಡಿಕೊಂಡು ಎಲ್ಲಿಗೆ ಹೋಗಬೇಕು? ಹೋಗುವವರು ಯಾರು ಅಂದರೆ ಗಟ್ಟಿಮುಟ್ಟಾದ ಹುಡುಗರು. ಅವರು ಶ್ರೀಮಂತ ಪ್ರಾಂತ್ಯಕ್ಕೆ ಹೋಗಿ ಅಲ್ಲಿ ತೆರಿಗೆ ಕಟ್ಟುತ್ತಾರೆ, ಕಾಯಿಲೆ ಬಿದ್ದ ಅಪ್ಪ ಅಮ್ಮ ಇಲ್ಲಿ ಉಳಿಯುತ್ತಾರೆ. ಆಮೇಲೆ ಪ್ರಾಂತ್ಯಗಳು ತಮ್ಮ ಖರ್ಚು ತಾವೇ ನೋಡಿಕೊಳ್ಳಲಿ ಅಂತೀವಿ. ವಿಮೆ ಅಂದರೇನೇ ಎಲ್ಲರೂ ಸೇರಿ ಒಬ್ಬರ ಖರ್ಚು ಹೊರೋದು ಅಲ್ವಾ? ಆ "ಎಲ್ಲರೂ" ದೊಡ್ಡದಿದ್ದಷ್ಟೂ ಭಾರ ಕಡಿಮೆ.

ವಿರೋಧ: ಪ್ರಾಂತ್ಯಗಳಿಗೆ ಬಿಡಿ

ಟೆಕ್ಸಾರ್ಕಾನಾ ಕಥೆ ಕೇಳಿದರೆ ಸಿಟ್ಟು ಬರುತ್ತದೆ, ನಿಜ. ಆದರೆ ಒಂದೇ ನಿಯಮ ಅಂದ ಕೂಡಲೇ ಅರ್ಕಾನ್ಸಾಸ್‌ನ ನಿಯಮವೇ ಎಲ್ಲರಿಗೂ ಬರುತ್ತದೆ ಅಂತ ಯಾಕೆ ಅಂದುಕೊಳ್ಳಬೇಕು? ಟೆಕ್ಸಾಸ್‌ನದೇ ಬಂದರೆ?

ಕೆನಡಾದ ಸರ್ಕಾರಿ ವಿಮೆಯನ್ನು ಎಲ್ಲರೂ ಹೊಗಳುತ್ತಾರೆ. ಅದು ರಾಜಧಾನಿಯಲ್ಲಿ ಹುಟ್ಟಿದ್ದಲ್ಲ. ಸಸ್ಕಾಚೆವಾನ್ ಅನ್ನೋ ಗೋಧಿ ಬೆಳೆಯುವ ಪ್ರಾಂತ್ಯ 1947ರಲ್ಲಿ ಎಲ್ಲರಿಗೂ ಆಸ್ಪತ್ರೆ ವಿಮೆ ಮಾಡಿತು. 1962ರಲ್ಲಿ ಡಾಕ್ಟರ ಫೀಸನ್ನೂ ಸೇರಿಸಿದಾಗ ಡಾಕ್ಟರುಗಳು ಮೂರು ವಾರ ಮುಷ್ಕರ ಹೂಡಿದರು. ಪ್ರಾಂತ್ಯ ಕೆಲವು ವಿಷಯದಲ್ಲಿ ರಾಜಿ ಮಾಡಿಕೊಂಡರೂ ಯೋಜನೆ ಕೈಬಿಡಲಿಲ್ಲ. ಅದು ನಡೆಯುತ್ತದೆ ಅಂತ ಕಣ್ಣಾರೆ ಕಂಡ ಮೇಲೆ 1966ರಲ್ಲಿ ದೇಶಕ್ಕೆ ಕಾನೂನು ಬಂತು. ಎಲ್ಲರೂ ಒಪ್ಪಲಿ ಅಂತ ಕಾದಿದ್ದರೆ ಸಸ್ಕಾಚೆವಾನ್ ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಅಮೆರಿಕದ ಆ 2010ರ ಕಾನೂನಿಗೂ 2006ರಲ್ಲಿ ಮ್ಯಾಸಚೂಸೆಟ್ಸ್ ಅನ್ನೋ ರಾಜ್ಯ ಮಾಡಿದ ವಿಮೆ ಕಾನೂನೇ ಮಾದರಿ.

ಇನ್ನೊಂದು ಮಾತು. ವಿಮೆ ಇದ್ದ ಮಾತ್ರಕ್ಕೆ ಡಾಕ್ಟರ್ ಸಿಗುವುದಿಲ್ಲ. ಇಟಲಿ 1978ರಲ್ಲೇ ಎಲ್ಲರಿಗೂ ಒಂದೇ ಆರೋಗ್ಯ ಸೇವೆ ಅಂತ ಕಾನೂನು ಮಾಡಿತು. ಆದರೂ ದಕ್ಷಿಣದ ಕಲಾಬ್ರಿಯಾದವರು ಇವತ್ತಿಗೂ ಆಪರೇಷನ್‌ಗೆ ರೈಲು ಹತ್ತಿ ಉತ್ತರಕ್ಕೆ ಹೋಗುತ್ತಾರೆ. ಬ್ರಿಟನ್‌ನಲ್ಲಿ 1948ರಿಂದ ಎಲ್ಲರಿಗೂ ಸೇವೆ ಇತ್ತು. ಆದರೂ ವೇಲ್ಸ್‌ನ ಗಣಿ ಊರಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ, ಒಳ್ಳೆ ಚಿಕಿತ್ಸೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಅಂತ ಬರೆದರು. (ಅವರು ದೂರಿದ್ದು ಮಾರುಕಟ್ಟೆಯನ್ನು, ಸರ್ಕಾರಿ ಸೇವೆಯನ್ನಲ್ಲ. ಅದನ್ನೂ ಹೇಳಿಬಿಡಬೇಕು.)

ಜನ ಚದುರಿರುವ ಕಡೆ ಬೇಕಾಗುವುದೇ ಬೇರೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ 1928ರಿಂದ ಡಾಕ್ಟರುಗಳು ವಿಮಾನದಲ್ಲಿ ಹೋಗುತ್ತಿದ್ದಾರೆ. ನಗರದಲ್ಲಿ ಕೂತು ಬರೆದ ಒಂದೇ ದರಪಟ್ಟಿಗೆ ಆ ಪೆಟ್ರೋಲಿನ ಖರ್ಚು ಹೊಳೆಯುತ್ತದಾ?

ಕನಿಷ್ಠ ಇಷ್ಟಿರಲಿ ಅಂತ ಕೇಂದ್ರ ಒಂದು ಗೆರೆ ಹಾಕಿದರೆ ನನ್ನ ತಕರಾರಿಲ್ಲ. ಕೆನಡಾ 1984ರಲ್ಲಿ ಮಾಡಿದ್ದು ಅದನ್ನೇ. ದುಡ್ಡು ಬೇಕಿದ್ದರೆ ಐದು ಷರತ್ತು ಪಾಲಿಸಿ ಅಂದಿತು. ಪ್ರಾಂತ್ಯ ಬದಲಿಸಿದರೂ ವಿಮೆ ತಪ್ಪಬಾರದು ಅನ್ನೋದು ಅದರಲ್ಲಿ ಒಂದು. ಉಳಿದದ್ದು ಪ್ರಾಂತ್ಯಗಳ ಕೈಲಿದೆ. ಆಸ್ಪತ್ರೆಯ ಹೊರಗೆ ಕೊಳ್ಳುವ ಮಾತ್ರೆಗೆ ಮಾತ್ರ ಅಲ್ಲಿ ಈಗಲೂ ಒಂದೊಂದು ಪ್ರಾಂತ್ಯದ್ದು ಒಂದೊಂದು ಲೆಕ್ಕ, ಆ ಜಗಳ ಇನ್ನೂ ಮುಗಿದಿಲ್ಲ.