ಗಾಜಿನ ಚಪ್ಪಲಿಗೆ ಒಂದು ಮಾರ್ಕು

ಚಪ್ಪಲಿ ಗಾಜಿನದು ಅಂತ ಬರೆದಿದ್ದರೆ 1 ಮಾರ್ಕು. ಕುಂಬಳಕಾಯಿ ಸಾರೋಟಾಯಿತು ಅಂದರೆ ಇನ್ನೊಂದು. ರಾತ್ರಿ 12 ಗಂಟೆ ಹೊಡೆದರೆ ಮತ್ತೊಂದು. ಮಲತಾಯಿ ಕಾಟಕ್ಕೆ 1, ಮನೆಗೆಲಸಕ್ಕೆ 1. ಒಟ್ಟು 5.

ಸಿಂಡ್ರೆಲಾಳ ಬದುಕಿಗೆ ಈ ರೇಟು ಕಟ್ಟಿದ್ದು ನಾನಲ್ಲ. ವ್ಯಾಲ್ಯುಯೇಷನ್ ಸೆಂಟರಿನಲ್ಲಿ ಕೆಂಪು ಪೆನ್ನಿನ ಜೊತೆ ಕೈಗಿತ್ತ ಸ್ಕೀಮಿನಲ್ಲಿ, ಅಂದರೆ ಯಾವುದಕ್ಕೆ ಎಷ್ಟು ಮಾರ್ಕು ಅನ್ನೋ ಪಟ್ಟಿಯಲ್ಲಿ, ಹೀಗೇ ಇತ್ತು. ಡಿಗ್ರಿ ಇಂಗ್ಲಿಷ್ ಸಾಹಿತ್ಯದ ಪೇಪರ್ ಅದು. ಐದು ಯುನಿಟ್. ಮೊದಲರ್ಧ ಗ್ರೀಕ್ ಪುರಾಣ, ಉಳಿದರ್ಧ ಫೇರಿ ಟೇಲ್ಸ್. ಅಜ್ಜಿ ಕಥೆಗೂ ಒಂದು ಕೋಡ್ ನಂಬರ್ ಕೊಟ್ಟು, ಮೂರು ಗಂಟೆ ಕೂರಿಸಿ, ಉತ್ತರ ಪತ್ರಿಕೆಯ ಎಡಗಡೆ ಮಾರ್ಜಿನ್ ಬಿಡಿಸಿ ಬರೆಸಬಹುದು ಅಂತ ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಪ್ರಶ್ನೆ ಕೇಳಿದ್ದು ಗ್ರಿಮ್ ಸಹೋದರರ ಸಿಂಡ್ರೆಲಾ ಬಗ್ಗೆ. ತಮಾಷೆ ಏನು ಗೊತ್ತಾ? ಆ ಅಣ್ಣತಮ್ಮಂದಿರ ಕಥೆಯಲ್ಲಿ ಗಾಜೂ ಇಲ್ಲ, ಕುಂಬಳಕಾಯಿಯೂ ಇಲ್ಲ. ಅವೆರಡೂ 1697ರಲ್ಲಿ ಅಚ್ಚಾದ ಫ್ರಾನ್ಸಿನ ಶಾರ್ಲ್ ಪೆರೋನ ಸಾಮಾನು. ಜರ್ಮನಿಯ ಗ್ರಿಮ್‌ಗಳು 1812ರಲ್ಲಿ ಹೊರತಂದ ಕಥೆಯಲ್ಲಿ ಚಪ್ಪಲಿ ಚಿನ್ನದ್ದು. ಹುಡುಗಿಗೆ ಬಟ್ಟೆಬರೆ ಕೊಡುವುದು ಯಾವ ದೇವತೆಯೂ ಅಲ್ಲ, ಅವ್ವನ ಸಮಾಧಿ ಮೇಲೆ ಬೆಳೆದ ಗಿಡ. ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ ಅಂತ ಒಬ್ಬ ಅಕ್ಕ ಕಾಲ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ಚಾಕು ಕೊಡುವವಳು ಅವರಿಬ್ಬರನ್ನೂ ಹೆತ್ತ ತಾಯಿ. ರಾಣಿಯಾದ ಮೇಲೆ ನಡೆಯೋ ಕೆಲಸ ಎಲ್ಲಿರುತ್ತೆ ಅನ್ನುವುದು ಅವಳ ಲೆಕ್ಕ.

ನನ್ನ ಬಂಡಲ್‌ನಲ್ಲಿ ಒಬ್ಬ ಮಹಾಶಯ ಇದನ್ನೆಲ್ಲ ಬರೆದಿದ್ದ. ಪುಸ್ತಕವನ್ನೇ ಓದಿಬಿಟ್ಟಿದ್ದಾನೆ ಪಾಪ! ಚಿನ್ನದ ಚಪ್ಪಲಿ, ರಕ್ತ, ಹಿಮ್ಮಡಿ, ಎಲ್ಲ ಇದೆ. ಸ್ಕೀಮ್ ಪ್ರಕಾರ ಮಲತಾಯಿಗೆ 1, ಮನೆಗೆಲಸಕ್ಕೆ 1, ಒಟ್ಟು 2. ಪಕ್ಕದ ಟೇಬಲ್ಲಿನವರು ಇಣುಕಿ ನೋಡಿ, "ಯಾವುದೋ ಹಾರರ್ ಸಿನಿಮಾ ನೋಡ್ಕೊಂಡು ಬಂದಿದಾನೆ ಬಿಡಿ" ಅಂದರು. ಗೈಡಿನಲ್ಲಿದ್ದುದನ್ನು ಅಲ್ಪವಿರಾಮ ಸಮೇತ ಇಳಿಸಿದವನಿಗೆ ಐದಕ್ಕೆ ಐದು.

ತಡೆಯಲಾಗದೆ ಸ್ಕೀಮ್ ಹಿಡಿದುಕೊಂಡು ಚೀಫ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನೋಡಿದರು. "ಹೌದಲ್ರೀ" ಅಂದರು. ಆಮೇಲೆ ಮೂಲೆಯಲ್ಲಿ ಪೇರಿಸಿಟ್ಟಿದ್ದ ಬಂಡಲ್‌ಗಳ ಕಡೆ ಕೈ ತೋರಿಸಿದರು. "ಈಗ ಚಿನ್ನ ಅಂತ ಮಾಡಿದರೆ, ನಿನ್ನೆ ಗಾಜಿಗೆ ಮಾರ್ಕು ಕೊಟ್ಟಿದ್ದೆಲ್ಲ ಮತ್ತೆ ಬಿಚ್ಚಬೇಕು. ಬೇಕಾ ನಿಮಗೆ?"

ಬೇಡ ಅಂದೆ. ಗಾಜೇ ಗಟ್ಟಿ ಅಂತ ವಾಪಸ್ ಬಂದು ಕೂತೆ.

ಸಮಾಧಾನಕ್ಕೆ ಪಂಡೋರಾ ನೆನಪಾದಳು. ಅವಳು ಮುಚ್ಚಳ ತೆಗೆದು ಲೋಕಕ್ಕೆಲ್ಲ ಕಷ್ಟ ಬಿಟ್ಟಳಲ್ಲ, ಅದು ಪೆಟ್ಟಿಗೆಯೇ ಅಲ್ಲ. ಹಳೇ ಗ್ರೀಕ್ ಕವಿ ಹೆಸಿಯಡ್ ಹಾಡಿದ್ದು ಪಿಥೋಸ್ ಅಂತ. ಎಣ್ಣೆ, ಕಾಳು ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ಘನ ವಿದ್ವಾಂಸ ಲ್ಯಾಟಿನ್‌ಗೆ ತರುವಾಗ ಅದನ್ನು ಪೆಟ್ಟಿಗೆ ಮಾಡಿದ. ಅವತ್ತಿನಿಂದ ಇಡೀ ಜಗತ್ತು ಪಂಡೋರಾಸ್ ಬಾಕ್ಸ್ ಅಂತಲೇ ಹೇಳುತ್ತಿದೆ. 500 ವರ್ಷ ಆಯಿತು, ಯಾರೂ ಬಂಡಲ್ ಬಿಚ್ಚಿಲ್ಲ. ನಮ್ಮ ಸ್ಕೀಮ್‌ಗೆ ಇನ್ನೂ ಎರಡು ದಿನ.

ಇಷ್ಟಕ್ಕೂ ಸ್ಕೀಮ್ ಮಾಡಿದವರೊಬ್ಬರನ್ನೇ ಬೈದು ಏನು ಬಂತು? ಕ್ಲಾಸಿನಲ್ಲಿ ನಾನೇನು ಕಡಿದು ಕಟ್ಟೆ ಹಾಕಿದ್ದೇನೆ? ಮೊದಲ ವರ್ಷ ಭಾರೀ ಹುಮ್ಮಸ್ಸಿನಲ್ಲಿ ಶುರು ಮಾಡಿದ್ದೆ. "ಕ್ರೋನಸ್ ಅಂತ ಒಬ್ಬ ಇದ್ದ. ನಿನ್ನ ಮಗನೇ ನಿನ್ನನ್ನ ಕೆಳಗಿಳಿಸ್ತಾನೆ ಅಂತ ಅವನಿಗೆ ಅಪ್ಪ ಅಮ್ಮ ಹೇಳಿಬಿಟ್ಟಿದ್ದರು..." ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ವಿನಯದ ದನಿ ಬಂತು. "ಸರ್, ಕಥೆ ಆಮೇಲೆ ಹೇಳಿ ಸರ್. ನೋಟ್ಸ್ ಕೊಡಿ."

ಇನ್ನೊಬ್ಬಳು ಕೇಳಿದಳು. "ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ ಸರ್?"

ನ್ಯಾಯವಾದ ಪ್ರಶ್ನೆ. ಆ ಭಯಕ್ಕೆ ಕ್ರೋನಸ್ ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಾನೆ. 2 ಮಾರ್ಕಿನದಾದರೆ ಒಂದೇ ಸಾಲಿನಲ್ಲಿ ನುಂಗಬೇಕು. 10 ಮಾರ್ಕಿನದಾದರೆ ಪೀಠಿಕೆ, ಉಪಸಂಹಾರ ಹಾಕಿಕೊಂಡು ನಿಧಾನವಾಗಿ ನುಂಗಬಹುದು. ಹೀಗಾಗಿ ನಾನೂ ಬೋರ್ಡಿನ ಮೇಲೆ ವಂಶವೃಕ್ಷ ಬರೆಯೋಕೆ ಕಲಿತೆ. ಯಾರು ಯಾರ ಮಗ, ಯಾರು ಯಾರ ಹೆಂಡತಿ. ದೇವತೆಗಳ ರಾಜ ಜೀಯಸ್‌ನ ಕೊಂಬೆಗೆ ಬಂದಾಗ ಬೋರ್ಡೇ ಸಾಲದು. ಅವನು ಯೂರೋಪಾ ಹತ್ತಿರ ಗೂಳಿಯಾಗಿ ಹೋದ, ಲೀಡಾ ಹತ್ತಿರ ಹಂಸವಾಗಿ, ಡ್ಯಾನೆ ಹತ್ತಿರ ಚಿನ್ನದ ಮಳೆಯಾಗಿ. ಯಾಕೆ ಹೋದ ಅಂತ ಹೇಳುವ ಧೈರ್ಯ ನನಗಿಲ್ಲ. "ಜೀಯಸ್‌ಗೆ ಪ್ರಾಣಿ ಪಕ್ಷಿ, ಪ್ರಕೃತಿ ಅಂದರೆ ತುಂಬಾ ಇಷ್ಟ" ಅಂದೆ. ಒಬ್ಬ ಎದ್ದು, "ನಮ್ಮ ಇಂದ್ರನ ಥರ ಅಲ್ವಾ ಸರ್? ಅಹಲ್ಯೆ ಕಥೇಲಿ..." ಅಂದ. "ಕೂತ್ಕೋಪ್ಪ, ಅದು ಸಿಲಬಸ್‌ನಲ್ಲಿಲ್ಲ" ಅಂದೆ. ಇಡೀ ಸೆಮಿಸ್ಟರ್‌ನಲ್ಲಿ ಒಬ್ಬನ ತಲೆಯಲ್ಲಿ ಒಂದು ದೀಪ ಹತ್ತಿತ್ತು. ಊದಿದ್ದು ನಾನೇ.

ಈ ಕ್ರೋನಸ್ ಇದಾನಲ್ಲ, ನಮ್ಮ ಪರೀಕ್ಷೆಯ ಕುಲದೇವರು ಆಗಬೇಕಾದವನು. ಹೆಸ್ಟಿಯಾ, ಡಿಮೀಟರ್, ಹೇರಾ, ಹೇಡಿಸ್, ಪೊಸೈಡನ್. ಐದು ಮಕ್ಕಳನ್ನು ಹಾಗ್ಹಾಗೇ ನುಂಗಿದ. ನಮ್ಮ ಪೇಪರಿನಲ್ಲೂ ಐದು ಯುನಿಟ್, ಲೆಕ್ಕ ಸರಿಯಾಗಿದೆ. ಅಗಿಯಲಿಲ್ಲ, ಅರಗಿಸಲಿಲ್ಲ. ಕಕ್ಕುವ ದಿನ ಬಂದಾಗ ಐದೂ ಇಡಿಯಾಗಿ ಹೊರಗೆ ಬಂದವು. ಆರನೆಯವನೇ ಜೀಯಸ್. ಅವನು ಹುಟ್ಟಿದಾಗ ತಾಯಿ ರಿಯಾ ಒಂದು ಕಲ್ಲಿಗೆ ಬಟ್ಟೆ ಸುತ್ತಿ ಕೊಟ್ಟಳು. ಕ್ರೋನಸ್ ಬಿಚ್ಚಿ ಕೂಡ ನೋಡಲಿಲ್ಲ, ನುಂಗಿದ. ಬಣ್ಣದ ರಟ್ಟು ಹೊದಿಸಿದ ಗೈಡು ನಮ್ಮ ಹುಡುಗರ ಕೈಗೆ ಬರುವುದೂ ಹೀಗೇ. ಕಲ್ಲು ತಿಂದು ಕರಗಿಸೋ ವಯಸ್ಸು ಅಂತ ನಾವು ಸುಮ್ನೆ ಹೇಳ್ತೀವಿ. ಕರಗುವುದಿಲ್ಲ. ಪರೀಕ್ಷೆ ದಿನ ಎಲ್ಲಕ್ಕಿಂತ ಮೊದಲು ಹೊರಗೆ ಬೀಳುವುದು ಅದೇ ಕಲ್ಲು. ಕ್ರೋನಸ್‌ಗೂ ಹಾಗೇ ಆಯಿತು. ಆ ಕಲ್ಲನ್ನು ಆಮೇಲೆ ಡೆಲ್ಫಿಯಲ್ಲಿ ಇಟ್ಟರಂತೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪೌಸೇನಿಯಸ್ ಎಂಬ ಗ್ರೀಕ್ ಪ್ರವಾಸಿ, ಅದಕ್ಕೆ ದಿನಾ ಎಣ್ಣೆ ಎರೆಯುತ್ತಾರೆ ಅಂತ ಬರೆದಿದ್ದಾನೆ. ನಮ್ಮಲ್ಲೂ ಆಯುಧಪೂಜೆ ದಿನ ಗೈಡಿಗೆ ಕುಂಕುಮ ಬೀಳುತ್ತದೆ.

ಅರಗಿಸಿಕೊಂಡವರು ಇಲ್ಲವೇ ಇಲ್ಲ ಅಂತಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಅಜಾಕ್ಸ್ ನಾಟಕವನ್ನು ಓದಿ, ಅವನ ಜಾಗಕ್ಕೆ ನಮ್ಮ ಅಶ್ವತ್ಥಾಮನನ್ನು ತಂದು ನಿಲ್ಲಿಸಿದರು. 1929ರ 'ಅಶ್ವತ್ಥಾಮನ್' ಅದೇ. ಈ ವಿಷಯ ನನ್ನ ಕ್ಲಾಸಿನಲ್ಲಿ ಹೇಳಿದೆ. "ಸರ್, ಬಿ.ಎಂ.ಶ್ರೀ ಕನ್ನಡ ಡಿಪಾರ್ಟ್‌ಮೆಂಟು. ಪಕ್ಕದ ರೂಮು" ಅಂದರು.

ಇನ್ನು ಮೇಲಿನವರದು ಬೇರೆ ಕಾಟ. ಪಾಠ ಮಾಡಿದರೆ ಮುಗಿಯಲಿಲ್ಲ, ಪ್ರತಿ ಪಾಠಕ್ಕೂ ಕೋರ್ಸ್ ಔಟ್‌ಕಮ್ ಬರೆದು ಫೈಲಿಗೆ ಸೇರಿಸಬೇಕು. ಈ ಕಥೆಯಿಂದ ಹುಡುಗರಿಗೆ ಯಾವ ಕೌಶಲ ಬಂತು? ಕೆಲಸಕ್ಕೆ ಉಪಯೋಗ ಆಗುತ್ತಾ? ರಾತ್ರಿ ಕೂತು ಟೇಬಲ್ ತುಂಬಿಸಿದೆ. ಸಿಂಡ್ರೆಲಾ: ಟೈಮ್ ಮ್ಯಾನೇಜ್‌ಮೆಂಟ್. ಹತ್ತು ವರ್ಷ ಊರು ಸೇರದೆ ಅಲೆದ ಒಡಿಸ್ಯೂಸ್: ಟ್ರಾವೆಲ್ ಅಂಡ್ ಟೂರಿಸಂ. ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದ ಇಕಾರಸ್: ಏವಿಯೇಷನ್. ಈಡಿಪಸ್ ಹತ್ತಿರ ಬಂದು ಪೆನ್ನು ನಿಂತಿತು. ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾದವನಿಂದ ಯಾವ ಕೌಶಲ ಕಲಿಸೋದು? ಹೆಂಡತಿಯನ್ನು ಕೇಳಿದೆ. ನಿದ್ದೆಗಣ್ಣಲ್ಲೇ "ಫ್ಯಾಮಿಲಿ ವ್ಯಾಲ್ಯೂಸ್ ಅಂತ ಬರೀರಿ, ಯಾರು ಓದ್ತಾರೆ" ಅಂದಳು. ಬರೆದೆ. ಸೀಲು ಬಿತ್ತು, ಸಹಿ ಆಯಿತು.

ಮತ್ತೆ ವ್ಯಾಲ್ಯುಯೇಷನ್ನಿಗೆ ಬರುತ್ತೇನೆ. ಮಧ್ಯಾಹ್ನ ಊಟ ಆಗಿತ್ತು. ಫ್ಯಾನು ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಸಾಲಾಗಿ ಎಂಟು ಸಿಂಡ್ರೆಲಾ ತಿದ್ದಿ ಒಂಬತ್ತನೆಯದಕ್ಕೆ ಕೈ ಹಾಕಿದೆ. ಚಪ್ಪಲಿ ಹುಡುಕಿದರೆ ಇಲ್ಲ. ರಾಜಕುಮಾರ ಇಲ್ಲ. ಮಲತಾಯಿಯೂ ಇಲ್ಲ, ಸ್ವಂತ ತಾಯಿಯೇ ಇದ್ದಾಳೆ.

ಮಗಳಿಗೆ ಚಿನ್ನದ ಕೂದಲು. ಒಡಹುಟ್ಟಿದ ಅಣ್ಣನ ಕಣ್ಣೇ ಅವಳ ಮೇಲೆ ಬೀಳುತ್ತದೆ. ತಾಯಿ ಇದನ್ನು ಕಂಡು ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ, ಎಲ್ಲಾದರೂ ಹೋಗಿ ಬದುಕಿಕೋ ಅಂತ ಮನೆಯಿಂದ ಕಳಿಸುತ್ತಾಳೆ. ಮುಖದ ಮೇಲೆ ಹಂಚು, ಅದಕ್ಕೇ ಅವಳ ಹೆಸರು ಹಂಚಿ. ಬರೆದವಳಿಗೆ ಹಂಚಿಗೆ ಇಂಗ್ಲಿಷ್ ಪದ ಸಿಕ್ಕಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ 'ಹಂಚು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಬರೆದವಳು ಅಂದೆ. ಇರುವುದು ಕೋಡ್ ನಂಬರ್ ಮಾತ್ರ, ಆದರೂ ನನಗ್ಯಾಕೋ ಹುಡುಗಿ ಅನಿಸಿತು. ಹಂಚಿ ಒಬ್ಬ ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲ ಅಂತ ಮುಖವಾಡ ತೆಗೆದು ತಲೆಗೆ ಎರೆದುಕೊಳ್ಳುತ್ತಾಳೆ. ಸಾಹುಕಾರನ ಕಿರಿಮಗ ಅದೇ ಹೊತ್ತಿಗೆ ಬಂದು...

ಈ ಕಥೆಯನ್ನು ಎ.ಕೆ. ರಾಮಾನುಜನ್ ಕನ್ನಡದ ಸಿಂಡ್ರೆಲಾ ಅಂತ ಕರೆದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. 1982ರಲ್ಲಿ ಅಮೆರಿಕದಲ್ಲಿ ಬಂದ ಸಿಂಡ್ರೆಲಾ ಅಧ್ಯಯನಗಳ ಸಂಕಲನದಲ್ಲೂ ಹಂಚಿ ಇದ್ದಾಳೆ. ಅಮೆರಿಕಕ್ಕೆ ಹೋಗಿಬಂದರೇನು? ಸ್ಕೀಮಿನಲ್ಲಿ ಇಲ್ಲ.

ಸೊನ್ನೆ ಹಾಕಲು ಕೈ ಬರಲಿಲ್ಲ. ರಿವ್ಯೂವರ್ ಸರ್ ಹತ್ತಿರ ತೆಗೆದುಕೊಂಡು ಹೋದೆ. ಧಾರವಾಡ ಕಡೆಯವರು, ಭಾರೀ ಸ್ಟ್ರಿಕ್ಟು. ಒಂದು ಮಾರ್ಕು ಜಾಸ್ತಿ ಬಿದ್ದರೆ ಅವರಪ್ಪನ ಮನೆ ಆಸ್ತಿ ಹೋದ ಹಾಗೆ ಆಡುತ್ತಾರೆ. ಓದಲು ಶುರು ಮಾಡಿದರು. ಪೆನ್ನು ಕೆಳಗಿಟ್ಟರು. ಪುಟ ತಿರುಗಿಸಿದರು. ಏನ್ರೀ ಅದು ಅಂತ ಪಕ್ಕದವರು ಕೇಳಿದರು. ಇವರು ಜೋರಾಗಿ ಓದತೊಡಗಿದರು. ಹುಡುಗಿಯ ಇಂಗ್ಲಿಷನ್ನು ಅಲ್ಲಲ್ಲೇ ತಮ್ಮೂರ ಕನ್ನಡಕ್ಕೆ ತಿರುಗಿಸಿಕೊಂಡು. ನಾಲ್ಕು ಟೇಬಲ್ಲಿನವರು ಕುರ್ಚಿ ಎಳೆದುಕೊಂಡು ಬಂದರು. ಚಹಾ ತಂದವನು ಕೆಟಲ್ ಹಿಡಿದುಕೊಂಡೇ ನಿಂತ. ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಸಾಹಿತ್ಯದ ಮೇಷ್ಟ್ರುಗಳು ಒಟ್ಟಿಗೆ ಕೂತು ಕಥೆ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಿರಿಮಗ ಮುಖವಾಡ ಒಡೆದ. ಮದುವೆಯಾಯಿತು. ಆಮೇಲೆ ಮನೆಗೆ ಒಬ್ಬ ಗುರುಸ್ವಾಮಿ ಬರುತ್ತಾನೆ, ಅವನ ಕಣ್ಣೂ ಇವಳ ಮೇಲೆ. "ದೆನ್ ಗುರುಸ್ವಾಮಿ" ಅಂತ ಬರೆದಲ್ಲಿಗೆ ಉತ್ತರ ನಿಂತಿತ್ತು. ಬೆಲ್ ಹೊಡೆದಿರಬೇಕು. ಎಂಟು ಜನ ಒಟ್ಟಿಗೆ "ಮುಂದೆ?" ಅಂದೆವು. ಅಡಿಷನಲ್ ಶೀಟ್ ಇರಬಹುದು ಅಂತ ಬಂಡಲ್ ಪೂರ್ತಿ ಜಾಲಾಡಿದೆವು. ಇರಲಿಲ್ಲ.

ಚೀಫ್ ದೂರದಿಂದ ಕೆಮ್ಮಿದರು. ಕುರ್ಚಿಗಳು ವಾಪಸ್ ಹೋದವು.

"ಸರ್, ಮಾರ್ಕ್ಸು?" ಅಂದೆ. ರಿವ್ಯೂವರ್ ಸರ್ ಸ್ಕೀಮ್ ನೋಡಿದರು. ಚಪ್ಪಲಿ ಇಲ್ಲ. ಕುಂಬಳಕಾಯಿ ಇಲ್ಲ. 12 ಗಂಟೆ ಇಲ್ಲ. ಮಲತಾಯಿ ಇಲ್ಲ. "ಮನೆಗೆಲಸ ಮಾಡ್ಯಾಳ ನೋಡ್ರಿ, ಒಂದ ಕೊಡ್ರಿ" ಅಂದರು. ಕೊಟ್ಟೆ.

ಸಂಜೆ ಬಸ್ ಸ್ಟಾಪಿನಲ್ಲಿ ಅವರು ಫೋನ್ ಹಿಡಿದು ನಿಂತಿದ್ದರು. ನಾನು ಬಂದದ್ದು ಗೊತ್ತಾಗಲಿಲ್ಲ. "ಅವ್ವಾ, ಆ ಹಂಚಿ ಕಥಿ ಹೇಳ್ತಿದ್ದೆಲ್ಲ ನೀನು, ಗುರುಸ್ವಾಮಿ ಬಂದ ಮ್ಯಾಲ ಏನಾತು ಅದರಾಗ?" ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಅದೇನ್ ಫೋನಿನ್ಯಾಗ ಹೇಳೂ ಕಥಿ ಏನೋ? ಸುಟಿ ಹಾಕಿ ಊರಿಗಿ ಬಾ. ಊಟಾ ಆತಿಲ್ಲೊ?"