ಹೋದಮೇಲೆ ಹೋದವರು

ಹಕ್ಕಿ ನೋಡುವುದಕ್ಕಿಂತ ಹಕ್ಕಿ ತೋರಿಸುವುದು ಕಷ್ಟ. "ಆ ಒಣ ಜಾಲಿ ಇದೆಯಲ್ಲ, ಅದರ ಎಡಕ್ಕೆ..." "ಯಾವ ಜಾಲಿ?" "ಅದೇ, ಕೊಕ್ಕರೆ ಕೂತಿರೋದು." "ಯಾವ ಕೊಕ್ಕರೆ?" ಅಷ್ಟರಲ್ಲಿ ಕೊಕ್ಕರೆ ಹಾರಿ, ಗುರುತಿಗೆ ಬರೀ ಜಾಲಿ ಉಳಿದಿರುತ್ತದೆ. ನಮ್ಮಲ್ಲಿ ಬೈನಾಕ್ಯುಲರ್ ಒಂದೇ, ಕಣ್ಣು ಮೂರು ಜೊತೆ. ನನಗೆ ಹೊಂದಿಸಿಕೊಂಡರೆ ಹೆಂಡತಿಗೆ ಮಂಜು, ಅವಳಿಗೆ ಹೊಂದಿದರೆ ಮಗಳಿಗೆ ತಲೆನೋವು.

ಮಾಗಡಿ ಕೆರೆಗೆ ಹೋಗಿದ್ದೆವು. ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆಯದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುವ ಕೆರೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಾವು ಹೋದದ್ದು ಮಾರ್ಚ್ ಎರಡನೇ ವಾರ. ವಸಂತಕ್ಕೆ ಹಕ್ಕಿಗಳು ಬರುತ್ತವೆ ಎಂದು ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಓದಿದ್ದನ್ನು ನಂಬಿದ್ದರ ಫಲ. ಅಲ್ಲಿಗೆ ಬರಬೇಕಾದರೆ ಇಲ್ಲಿಂದ ಹೊರಡಬೇಕಲ್ಲ ಎಂಬುದು ತಲೆಗೆ ಹೋಗಿರಲಿಲ್ಲ. ಯುಗಾದಿಗೆ ಬಂತು ಅನ್ನುವ ನಮ್ಮ ಕೋಗಿಲೆಯಾದರೂ ವರ್ಷವಿಡೀ ಇಲ್ಲೇ ಬಾಯಿ ಮುಚ್ಚಿಕೊಂಡಿದ್ದ ಗಿರಾಕಿ.

ಏರಿಯ ಮೇಲೆ ಕೂತಿದ್ದ ಅಜ್ಜ ನಮ್ಮ ಕೊರಳಿನ ಬೈನಾಕ್ಯುಲರ್ ನೋಡಿಯೇ ಮರುಗಿದ. "ತಡಾ ಮಾಡಿ ಬಂದ್ರಿ ನೋಡ್ರಿ. ಶಿವರಾತ್ರಿ ಮಟಾ ಕೆರಿ ತುಂಬ ಇದ್ವು. ಬಿಸಲು ಜೋರಾತು, ಊರಿಗೆ ಹೋದ್ವು." ಊರಿಗೆ! ಮಂಗೋಲಿಯಾ ಲಕ್ಷ್ಮೇಶ್ವರದ ಆಚೆಗಿನ ಹಳ್ಳಿಯೇನೋ ಅನ್ನುವ ಹಾಗೆ.

ಇದ್ದವರನ್ನೇ ನೋಡಿದೆವು. ಹಣೆಗೆ ಬಿಳಿ ನಾಮ ಎಳೆದುಕೊಂಡ ನಾಮಕೋಳಿಗಳು, ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲುಹಕ್ಕಿಗಳು. ಆಮೇಲೆ ಮಗಳೇ ಕಂಡುಹಿಡಿದಳು: ಆಚೆ ದಡದ ಕೆಸರಿನಲ್ಲಿ ಹಿಂದುಳಿದ ಒಂದು ಸಣ್ಣ ಗುಂಪು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಅಡ್ಡಪಟ್ಟೆ, ಬಣ್ಣ ತಿರುವುಮುರುವಾದ ವಿಭೂತಿ. ಎಲ್ಲ ಕೊರಳು ಮಡಚಿ ತೂಕಡಿಸುತ್ತಿದ್ದರೆ ಒಂದು ಮಾತ್ರ ಕತ್ತು ನೆಟ್ಟಗೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ಏಳು ಸಾವಿರ ಮೀಟರಿಗೂ ಮೇಲೆ ಹಾರಬಲ್ಲ ಜೀವ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನನಗೆ ಅದರ ಕಣ್ಣು ತಪ್ಪಿಸಬೇಕೆನಿಸಿತು.

ಹೊತ್ತು ಇಳಿದಾಗ ಕ್ವಾಂಕ್ ಕ್ವಾಂಕ್ ಎನ್ನುತ್ತ ಒಮ್ಮೆಗೇ ಎದ್ದು ನಮ್ಮ ನೆತ್ತಿಯ ಮೇಲೆಯೇ ಹಾದವು. ತೋರಿಸುವ ಕೆಲಸವೇ ಇರಲಿಲ್ಲ. ನಾನು ಹದಿಮೂರು ಎಣಿಸಿದೆ, ಮಗಳು ಹನ್ನೊಂದು.

"ಊರಿಗೇ ಹೊಂಟವೇನ್ರೀ ಅಜ್ಜಾರ?"

"ಊರಿಗಲ್ಲೋ ತಮ್ಮಾ, ನಮ್ಮ ಹೊಲಕ್ಕ," ಎಂದು ಅಜ್ಜ ಬಡಿಗೆ ಹಿಡಿದು ಎದ್ದ.