ಸತ್ಯಾಂಶ: ಮೆಗಾಪಿಕ್ಸೆಲ್ ಹೆಚ್ಚಿದ್ದರೆ ರಾತ್ರಿ ಮುಖ ಕಾಣುತ್ತದೆಯೇ?

‘8 ಮೆಗಾಪಿಕ್ಸೆಲ್ ಸಿಸಿಟಿವಿ ಕ್ಯಾಮೆರಾ ಹಾಕಿಸಿ, ಕತ್ತಲಲ್ಲೂ ಕಳ್ಳನ ಮುಖ ಸ್ಪಷ್ಟವಾಗಿ ಕಾಣುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹಗಲಿಗೆ ಈ ಮಾತು ಬಹುಮಟ್ಟಿಗೆ ಸರಿ. ರಾತ್ರಿಗೆ ಅಲ್ಲ.

ಕತ್ತಲಲ್ಲಿ ಕೊರತೆಯಾಗುವುದು ಬೆಳಕು. ಅದೇ ಅಳತೆಯ ಸೆನ್ಸರ್‌ನಲ್ಲಿ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್) 2ರ ಬದಲು 8 ಮೆಗಾಪಿಕ್ಸೆಲ್ ತುಂಬಿದರೆ ಪ್ರತಿ ಪಿಕ್ಸೆಲ್‌ಗೆ, ಅಂದರೆ ಚಿತ್ರದ ಪ್ರತಿ ಚುಕ್ಕಿಗೆ, ಸಿಗುವ ಬೆಳಕು ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಅದನ್ನು ಸರಿದೂಗಿಸಲು ಕ್ಯಾಮೆರಾ ಶಟರ್ ವೇಗ ತಗ್ಗಿಸಿದಾಗ (ಪ್ರತಿ ಚಿತ್ರಕ್ಕೆ ಹೆಚ್ಚು ಹೊತ್ತು ಬೆಳಕು ಹಿಡಿದಾಗ) ಗೇಟಿನ ಕಂಬ ಚೆನ್ನಾಗಿಯೇ ಕಾಣುತ್ತದೆ, ಗೇಟು ದಾಟಿ ಬಂದವನ ಮುಖ ಮಾತ್ರ ಕಲಸಿಹೋಗಿರುತ್ತದೆ. ಆದ್ದರಿಂದ ರಾತ್ರಿಯ ಡೆಮೊ ನೋಡುವಾಗ ಯಾರನ್ನಾದರೂ ಎದುರಿಗೆ ನಡೆದಾಡಲು ಹೇಳಿ. ನಿಂತ ಚಿತ್ರ ನಂಬಬೇಡಿ.

ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಸೆನ್ಸರ್ ಅಳತೆ: 1/2.8 ಇಂಚಿನದಕ್ಕಿಂತ 1/1.8 ಇಂಚಿನದು ದೊಡ್ಡದು. ಆಮೇಲೆ ಲೆನ್ಸ್‌ನ ಎಫ್ ಸಂಖ್ಯೆ: ಅದು ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು. ಎಫ್/2.0ಕ್ಕೆ ಹೋಲಿಸಿದರೆ ಎಫ್/1.6 ಸುಮಾರು ಒಂದೂವರೆ ಪಟ್ಟು ಬೆಳಕು ಒಳಬಿಡುತ್ತದೆ.

ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ದೀಪವಿದ್ದರೆ ಪೂರ್ತಿ ಕತ್ತಲಲ್ಲೂ ಚಿತ್ರ ಬರುತ್ತದೆ, ಆದರೆ ಕಪ್ಪು ಬಿಳುಪಿನಲ್ಲಿ; ಅಂಗಿಯ ಬಣ್ಣ ತಿಳಿಯುವುದಿಲ್ಲ. ಬಣ್ಣ ಬೇಕೆಂದರೆ ಗೇಟಿನ ಬಳಿ ಒಂದು ಎಲ್‌ಇಡಿ ಬಲ್ಬ್ ಉರಿಯಲಿ. ಲೆನ್ಸ್ ಮುಂದೆ ಜೇಡರಬಲೆ ಕಟ್ಟಿದರೆ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಪರದೆಯೆಲ್ಲ ಬೆಳ್ಳಗಾಗುತ್ತದೆ, ಆಗಾಗ ಒರೆಸುತ್ತಿರಿ.